ಹೊನ್ನಿಗೆ ರೂಪಾಯಿ ಎಷ್ಟು?

ಮೈಸೂರಿನ ಗೃಹಿಣಿ ಪೇಟೆಗೆ ಹೊರಟ ಪತಿಯನ್ನು ‘ದುಡ್ಡು ಇದೆಯೇನ್ರೀ?’ ಎಂದು ಕೇಳುತ್ತಾಳೆ. ಬೈಲಹೊಂಗಲದ ಕಡೆಯವಳು ‘ರೊಕ್ಕ ಐತೇನ್ರಿ?’ ಎನ್ನುತ್ತಾಳೆ. ಪುಸ್ತಕದ ಭಾಷೆಯು ಇವೆರಡನ್ನೂ ಬಿಟ್ಟು ‘ಹಣ’ ಎಂಬ ಮಾತನ್ನು ಹಿಡಿದಿದೆ. ಮೂವರು ಕೇಳುವುದೂ ಒಂದನ್ನೇ. ಆದರೆ ಈ ಮೂರು ಶಬ್ದಗಳು ಹುಟ್ಟಿದಾಗ ಇವುಗಳ ಅರ್ಥ ಒಂದೇ ಆಗಿರಲಿಲ್ಲ. ಹಣ ಎಂಬುದು ಬೆರಳ ಸಂದಿಯಿಂದ ಜಾರಿದರೆ ಮತ್ತೆ ಕಣ್ಣಿಗೆ ಬೀಳದಷ್ಟು ಚಿಕ್ಕದಾದ ಒಂದು ಚಿನ್ನದ ನಾಣ್ಯ. ಅದರ ಕಾಲುಭಾಗಕ್ಕೆ ಹಾಗ ಎಂದು ಹೆಸರು. ದುಡ್ಡು ತಾಮ್ರದ್ದು. ರೊಕ್ಕವೆಂದರೆ ಸಾಲವಲ್ಲದ, ಕೈಯಲ್ಲಿಯೇ ಇರುವ ನಗದು. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬೇಕಾದರೆ ನಡುವೆ ಒಬ್ಬ ಶರಾಫ, ಒಂದು ತಕ್ಕಡಿ, ಒಂದು ಒರೆಗಲ್ಲು, ಹಾಗೂ ಬೇಕಾದಷ್ಟು ಚೌಕಾಸಿ ಇರಬೇಕಾಗಿತ್ತು.

ಇಂದು ಎರಡು ರಾಷ್ಟ್ರಗಳ ನಾಣ್ಯಗಳ ವಿನಿಮಯ ದರವನ್ನು ತಿಳಿಯಲು ಯಾರೂ ತಕ್ಕಡಿ ಹಿಡಿಯುವುದಿಲ್ಲ. ಪರದೇಶಕ್ಕೆ ಹೊರಟವನು, ಪರದೇಶದಲ್ಲಿರುವ ಮಗನಿಂದ ಹಣ ತರಿಸಿಕೊಳ್ಳುವವನು ದಿನದ ದರವನ್ನು ನೋಡಿ ನಿಟ್ಟುಸಿರುಬಿಟ್ಟು ಸುಮ್ಮನಾಗುತ್ತಾನೆ. ಆದರೆ ಇನ್ನೂರು ವರ್ಷಗಳ ಹಿಂದೆ ಮಲಪ್ರಭೆಯ ದಂಡೆಯ ಸಂಗೊಳ್ಳಿಯಂತಹ ಹಳ್ಳಿಯಲ್ಲಿ, ಊರಿನ ಗಡಿಯನ್ನು ದಾಟದ ಒಕ್ಕಲಿಗನಿಗೂ ವಿನಿಮಯ ದರದ ಬಿಸಿ ತಟ್ಟುತ್ತಿತ್ತು. ಏಕೆಂದರೆ ಅವನ ನಾಡಿನಲ್ಲಿಯೇ ಎರಡು ನಾಣ್ಯಸಂಪ್ರದಾಯಗಳು ಎದುರುಬದುರಾಗಿದ್ದವು. ದಕ್ಷಿಣದಿಂದ ಬಂದುದು ಹೊನ್ನು, ಉತ್ತರದಿಂದ ಬಂದುದು ರೂಪಾಯಿ.

ಎರಡು ಕುಲ, ಒಂದು ಸಂತೆ

ಹೊನ್ನಿನ ಕುಲ ಹಳೆಯದು. ಗದ್ಯಾಣವೆಂದು ಶಾಸನಗಳಲ್ಲಿ ಬರುವ ಚಿನ್ನದ ನಾಣ್ಯವೇ ವಿಜಯನಗರದ ಕಾಲಕ್ಕೆ ವರಹವೆಂದು ಹೆಸರಾಯಿತು. ತೂಕ ಸುಮಾರು ಮೂರೂವರೆ ಗ್ರಾಮಿಗೆ ಸ್ವಲ್ಪ ಕಡಿಮೆ. ಇಂಗ್ಲಿಷರು ಇದನ್ನು ಪಗೋಡ ಎಂದು ಕರೆದರು. ಮೈಸೂರು ಸೀಮೆಯಲ್ಲಿ ಹೊನ್ನು ಎಂದರೆ ಅರ್ಧ ವರಹವೆಂದು ಎಣಿಸುವ ರೂಢಿಯೂ ಉಂಟು; ಧಾರವಾಡ, ಕಿತ್ತೂರುಗಳ ಕಡೆಗೆ ಹೊನ್ನೂ ವರಹವೂ ಒಂದೇ ಎಂಬಂತೆ ಬಳಕೆ. ಹೆಸರಿನಲ್ಲಿಯೇ ಇಷ್ಟು ತೊಡಕು ಇದ್ದಮೇಲೆ ಬೆಲೆಯ ಮಾತೇನು!

ವಿಜಯನಗರವು ಅಳಿದರೂ ವರಹ ಅಳಿಯಲಿಲ್ಲ. ಇಕ್ಕೇರಿಯ ನಾಯಕರು ಉಮಾಮಹೇಶ್ವರರ ಬಿಂಬವುಳ್ಳ ಹೊನ್ನನ್ನು ಅಚ್ಚು ಹಾಕಿಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಆ ನಾಣ್ಯದ ಮುಖವನ್ನು ಬದಲಿಸುವ ಗೋಜಿಗೆ ಹೋಗಲಿಲ್ಲ. ಶಿವಪಾರ್ವತಿಯರನ್ನು ಹಾಗೆಯೇ ಇರಗೊಟ್ಟು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಪಾರಸಿ ಲಿಪಿಯಲ್ಲಿ ಒತ್ತಿಸಿದನು. ಅದೇ ಬಹದ್ದೂರಿ ಹೊನ್ನು. ಜನರು ನಂಬಿದ ಮುಖವನ್ನು ಕೆಡಿಸಿದರೆ ನಾಣ್ಯ ಸಂತೆಯಲ್ಲಿ ನಡೆಯುವುದಿಲ್ಲವೆಂಬುದನ್ನು ಆ ಓದುಬರಹವಿಲ್ಲದ ದೊರೆ ಚೆನ್ನಾಗಿ ಬಲ್ಲವನಾಗಿದ್ದನು. ಅವನ ಮಗ ಟೀಪುವಿಗೆ ಆ ತಾಳ್ಮೆ ಇರಲಿಲ್ಲ. ನಾಣ್ಯಗಳಿಗೂ ಊರುಗಳಿಗೂ ಹೊಸ ಹೆಸರಿಟ್ಟನು. ಧಾರವಾಡ ಅವನ ಕೈಯಲ್ಲಿದ್ದ ಕೆಲವೇ ವರ್ಷಗಳಲ್ಲಿ ಅಲ್ಲಿಯ ಟಂಕಸಾಲೆಯ ನಾಣ್ಯಗಳ ಮೇಲೆ ‘ಖುರ್ಶೀದ್ ಸವಾದ್’ ಎಂಬ ಹೆಸರು ಮೂಡಿತು.

ರೂಪಾಯಿಯದು ಬೇರೊಂದು ವಂಶ. ಹದಿನಾರನೆಯ ಶತಮಾನದ ನಡುವಿನಲ್ಲಿ ಶೇರಶಹನು ನಿಲ್ಲಿಸಿದ ಬೆಳ್ಳಿಯ ನಾಣ್ಯವದು. ಮೊಗಲರು ಅದನ್ನು ಬೆಳೆಸಿದರು. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಹಿಡಿದ ತರುವಾಯ ರೂಪಾಯಿಯು ಕೃಷ್ಣೆಯನ್ನು ದಾಟಿ ಕನ್ನಡ ನಾಡಿನೊಳಕ್ಕೆ ಬಂದಿತು. ಬೆಳಗಾವಿಗೆ ಆಗ ಅಜಮನಗರವೆಂಬ ಹೆಸರು. ಮುಂದೆ ‘ಅಜಮನಗರ ಗೋಕಾಕ’ ಎಂಬ ಟಂಕಸಾಲೆಯ ಹೆಸರುಳ್ಳ ರೂಪಾಯಿಗಳು ಹೊರಬಿದ್ದವು. ಪೇಶವೆಯರ ಕಾಲದಲ್ಲಿ ಬಾಗಲಕೋಟೆಯ ರಾಸ್ತೆ ಮನೆತನದ ಮಲ್ಹಾರರಾಯನ ಹೆಸರಿನಿಂದ ಮಲ್ಹಾರಶಾಹಿ ರೂಪಾಯಿ ಪ್ರಸಿದ್ಧವಾಯಿತು. ಪುಣೆಯ ಕಡೆಯಿಂದ ಅಂಕುಶದ ಗುರುತುಳ್ಳ ಅಂಕುಶಿ ರೂಪಾಯಿ, ಚಾಂದವಡದ ಚಾಂದವಡಿ ರೂಪಾಯಿ. ಎಲ್ಲವೂ ರೂಪಾಯಿಗಳೇ. ಆದರೆ ಒಂದರ ಬೆಳ್ಳಿ ಇನ್ನೊಂದರಲ್ಲಿ ಇರುತ್ತಿರಲಿಲ್ಲ.

ಹೀಗೆ ಕಿತ್ತೂರು ಸೀಮೆಯ ಸಂತೆಯು ಎರಡು ನಾಣ್ಯಪ್ರಪಂಚಗಳ ಕೂಡುವ ಸ್ಥಾನವಾಯಿತು. ತುಂಗಭದ್ರೆಯಿಂದಾಚೆ ಲೆಕ್ಕವೆಲ್ಲ ವರಹ ಹಣಗಳಲ್ಲಿ. ಕೃಷ್ಣೆಯಿಂದೀಚೆ ಬಂದವರ ಲೆಕ್ಕವೆಲ್ಲ ರೂಪಾಯಿ ಆಣೆಗಳಲ್ಲಿ. ನಡುವಿನವನು ಎರಡನ್ನೂ ಕಲಿಯಬೇಕು.

ಒರೆಗಲ್ಲಿನ ಅಧಿಕಾರಿ

ಇದಕ್ಕಾಗಿಯೇ ಹಳ್ಳಿಯಲ್ಲಿ ಒಬ್ಬ ಅಧಿಕಾರಿಯಿದ್ದನು. ಗೌಡ, ಕುಲಕರ್ಣಿಗಳ ಹೆಸರನ್ನು ಎಲ್ಲರೂ ಬಲ್ಲರು. ಪೋತದಾರನನ್ನು ನೆನೆಯುವವರು ವಿರಳ. ಸಾಮಾನ್ಯವಾಗಿ ಅಕ್ಕಸಾಲಿಗನಾದ ಈತನ ಕೆಲಸ, ಕಂದಾಯಕ್ಕೆಂದು ಒಕ್ಕಲಿಗರು ತಂದ ನಾಣ್ಯಗಳನ್ನು ಪರೀಕ್ಷಿಸುವುದು. ಹೊನ್ನನ್ನು ಒರೆಗಲ್ಲಿಗೆ ಉಜ್ಜಿ ಗೆರೆಯ ಬಣ್ಣ ನೋಡುವನು. ರೂಪಾಯಿಯನ್ನು ಕಲ್ಲಿನ ಮೇಲೆ ಚಿಮ್ಮಿ ನಾದವನ್ನು ಕೇಳುವನು. ಸವೆದುದು, ಅಂಚು ಕತ್ತರಿಸಿದುದು, ಶರಾಫರು ಪರೀಕ್ಷೆಗಾಗಿ ಉಳಿಯಿಂದ ಚುಚ್ಚಿ ಚುಚ್ಚಿ ತೂತು ಬೀಳಿಸಿದುದು, ಒಳಗೆ ಸೀಸ ತುಂಬಿದ ಖೊಟ್ಟಿ, ಇವೆಲ್ಲವನ್ನೂ ಬೇರೆ ಮಾಡುವನು. ‘ಇದು ನಡೆಯುತ್ತದೆ, ಇದು ನಡೆಯುವುದಿಲ್ಲ, ಇದು ವಟ್ಟಕ್ಕೆ ನಡೆಯುತ್ತದೆ’ ಎಂಬುದು ಅವನ ತೀರ್ಪು.

ಈ ವಟ್ಟವೆಂಬ ಮಾತು ನಮ್ಮ ಕಥೆಯ ನಾಯಕನೋ ಖಳನಾಯಕನೋ ಆಗಿದೆ. ನಾಣ್ಯವನ್ನು ಮುರಿಸುವಾಗ ಹಿಡಿದುಕೊಳ್ಳುವ ಮೊತ್ತವೇ ವಟ್ಟ. ಮರಾಠರ ಕಂದಾಯದ ಲೆಕ್ಕಗಳಲ್ಲಿ ಬಟ್ಟಾ, ವಟಾವು ಎಂದೂ ಇದು ಕಾಣಿಸಿಕೊಳ್ಳುತ್ತದೆ. ಸರಕಾರಕ್ಕೆ ಬೇಕಾದ ನಾಣ್ಯ ಬೇರೆ, ರೈತನ ಗಂಟಿನಲ್ಲಿರುವ ನಾಣ್ಯ ಬೇರೆ. ಇವೆರಡರ ಅಂತರವನ್ನು ತುಂಬಿಕೊಡಬೇಕಾದವನು ರೈತನೇ. ಭೂಮಿಗೆ ಒಂದು ತೆರಿಗೆ. ಆ ತೆರಿಗೆಯನ್ನು ಕೊಡುವ ನಾಣ್ಯಕ್ಕೆ ಇನ್ನೊಂದು!

ದರವು ಏಕೆ ಸ್ಥಿರವಾಗಿರಲಿಲ್ಲವೆಂದು ಕೇಳಬಹುದು. ಚಿನ್ನವೂ ಬೆಳ್ಳಿಯೂ ಬೇರೆ ಬೇರೆ ಸರಕುಗಳು. ಜೋಳಕ್ಕೂ ಹತ್ತಿಗೂ ಒಂದೇ ದರವನ್ನು ಶಾಶ್ವತವಾಗಿ ಕಟ್ಟಲಾಗದಂತೆ ಇವಕ್ಕೂ ಕಟ್ಟಲಾಗದು. ಅದರ ಮೇಲೆ ನಾಣ್ಯದ ವಯಸ್ಸೂ ಲೆಕ್ಕಕ್ಕೆ ಬರುತ್ತಿತ್ತು. ಮೊಗಲರ ಪದ್ಧತಿಯಲ್ಲಿ ಹೊಸದಾಗಿ ಅಚ್ಚಾದ ಸಿಕ್ಕಾ ರೂಪಾಯಿಗೆ ಪೂರ್ತಿ ಬೆಲೆ. ವರ್ಷಗಳು ಕಳೆದಂತೆ, ತೂಕ ಹೆಚ್ಚೇನೂ ಕುಗ್ಗದಿದ್ದರೂ, ವಟ್ಟ ಬೀಳುತ್ತಿತ್ತು. ಎಲ್ಲಕ್ಕಿಂತ ಮಿಗಿಲಾದುದು ಋತು. ಕಂದಾಯದ ಕಂತು ಕೂಡಿಬಂದಾಗ ಊರಿಗೆ ಊರೇ ಒಂದೇ ವಾರದಲ್ಲಿ ಒಂದೇ ಬಗೆಯ ರೂಪಾಯಿಯನ್ನು ಅರಸುತ್ತದೆ. ಆಗ ಆ ರೂಪಾಯಿ ತುಟ್ಟಿಯಾಗದೆ ಇದ್ದೀತೆ? ಅದೇ ವಾರದಲ್ಲಿ ಎಲ್ಲರೂ ಜೋಳವನ್ನು ಮಾರಲು ಹೊರಡುತ್ತಾರೆ, ಜೋಳ ಅಗ್ಗವಾಗುತ್ತದೆ. ಮಾರುವ ಸರಕು ಅಗ್ಗ, ಕೊಳ್ಳಬೇಕಾದ ನಾಣ್ಯ ತುಟ್ಟಿ. ಎರಡು ಬದಿಯಿಂದಲೂ ಸವೆಯುವ ಬೀಸುಕಲ್ಲಿನ ನಡುವೆ ಒಕ್ಕಲಿಗ.

ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಒಬ್ಬನು 21 ರೂಪಾಯಿ ಕಂದಾಯ ಕೊಡಬೇಕೆಂದು ಇಟ್ಟುಕೊಳ್ಳೋಣ. ಹೊನ್ನಿಗೆ ಮೂರೂವರೆ ರೂಪಾಯಿಯ ದರವಾದರೆ ಅವನು 6 ಹೊನ್ನು ಒಯ್ದರೆ ಸಾಕು. ಶರಾಫನು ‘ಈ ವಾರ ಮೂರೇ ರೂಪಾಯಿ’ ಎಂದರೆ 7 ಹೊನ್ನು ಬೇಕು. ಹೊಲ ಅದೇ, ಬೆಳೆ ಅದೇ, ಸರಕಾರದ ಕಡತದಲ್ಲಿ ಬರೆದ ಕಂದಾಯವೂ ಅದೇ. ಆದರೂ ಆರರಲ್ಲಿ ಒಂದು ಭಾಗ ಹೆಚ್ಚು ಹೋಯಿತು. ಯಾರನ್ನು ದೂರುವುದು? ಮಾಮಲೇದಾರನು ‘ನಾನು ಒಂದು ಕಾಸೂ ಹೆಚ್ಚಿಸಿಲ್ಲ’ ಎಂದಾನು. ಅವನ ಮಾತು ಸುಳ್ಳೂ ಅಲ್ಲ.

ಅರಸರ ದರ

ರೈತನ ಆರೇಳು ಹೊನ್ನಿನ ಲೆಕ್ಕವು ಅರಸರ ಮಟ್ಟಕ್ಕೆ ಏರಿದಾಗ ಸಾವಿರ ಲಕ್ಷಗಳಾಗುತ್ತದೆ. ಅಲ್ಲಿ ದರವನ್ನು ಹೇಳುವವನು ಶರಾಫನಲ್ಲ, ಯುದ್ಧದಲ್ಲಿ ಗೆದ್ದವನು.

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟೀಪು ಸುಲ್ತಾನನು ತನ್ನ ರಾಜ್ಯದ ಅರ್ಧವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಅರ್ಧ ರಾಜ್ಯವೆಂದರೆ ಎಷ್ಟು? ಸೀಮೆ ಸೀಮೆಯ ಹುಟ್ಟುವಳಿಯನ್ನು ಕಂಠೀರಾಯಿ ವರಹಗಳಲ್ಲಿ ಬರೆದು, ವರಹಕ್ಕೆ 3 ರೂಪಾಯಿಯಂತೆ ರೂಪಾಯಿಗೆ ತಿರುಗಿಸಿ ಪಾಲು ಹಂಚಿದರು. ಧಾರವಾಡದ ಸೀಮೆಯು ಪೇಶವೆಯರ ಪಾಲಿಗೆ ಬಂದುದು ಈ ಲೆಕ್ಕದಲ್ಲಿಯೇ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಅಚ್ಚು ಹಾಕಿಸಿದ ಹಣದ ಹೆಸರು, ಅವರು ಕಾಲವಾದ ನೂರ ಮೂವತ್ತು ವರ್ಷಗಳ ಮೇಲೆ ರಾಜ್ಯ ಒಡೆಯುವ ಅಳತೆಗೋಲಾಯಿತು!

ಏಳು ವರ್ಷಗಳ ಬಳಿಕ, 1799ರಲ್ಲಿ, ಮೈಸೂರಿನ ಹೊಸ ಸಂಸ್ಥಾನವು ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ವರಹಗಳನ್ನು ಕೊಡಬೇಕೆಂದು ಗೊತ್ತಾಯಿತು. ಸ್ಟಾರ್ ವರಹವೆಂದರೆ ಹಿಂಬದಿಯಲ್ಲಿ ನಕ್ಷತ್ರದ ಗುರುತಿದ್ದ ಮದ್ರಾಸಿನ ನಾಣ್ಯ. ಮದ್ರಾಸಿನವರ ಲೆಕ್ಕದಲ್ಲಿ ಅದಕ್ಕೆ 42 ಬೆಳ್ಳಿಯ ಫಣಂ, ಒಂದೊಂದು ಫಣಮಿಗೆ 80 ಕಾಸು. ಮೈಸೂರಿನ ವರಹಕ್ಕೋ ಹತ್ತೇ ಹಣ, ಅವೂ ಚಿನ್ನದವು. ಒಂದೇ ಹೆಸರನ್ನು ನಂಬಿ ವ್ಯಾಪಾರಕ್ಕೆ ಇಳಿದವನ ಗತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು.

ಕಿತ್ತೂರಿನ ಕಡೆಗೆ ಬರೋಣ. 1809ರಲ್ಲಿ ದೇಸಾಯಿ ಮಲ್ಲಸರ್ಜನು ಪೇಶವೆ ಎರಡನೆಯ ಬಾಜೀರಾಯನಿಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪವನ್ನು ಒಪ್ಪಿಕೊಂಡನು. ಟೀಪುವಿನ ಸೆರೆಯನ್ನು ಕಂಡು ಬಂದ ಈ ವೀರನಿಗೆ ಪುಣೆಯ ಮೈತ್ರಿಯೂ ಅಷ್ಟೇನೂ ಹಗುರಾಗಿರಲಿಲ್ಲ. ಕಪ್ಪವು ರೂಪಾಯಿಯಲ್ಲಿ ಎಂದು ಗೊತ್ತಾದುದನ್ನು ಗಮನಿಸಬೇಕು. ಹೊನ್ನಿಗೆ ಮೂರೂವರೆ ರೂಪಾಯಿಯಾದರೆ ಅದು ಸರಿಯಾಗಿ 50,000 ಹೊನ್ನು. ಮೂರು ರೂಪಾಯಿಯಾದರೆ 58,000ಕ್ಕೂ ಮೇಲೆ. ಎಂಟು ಸಾವಿರ ಹೊನ್ನಿನ ಈ ಅಂತರವು ಯಾವ ಒಪ್ಪಂದದಲ್ಲಿಯೂ ಬರೆದಿರುವುದಿಲ್ಲ. ಅದು ಸಂಪಗಾವಿ, ಬೀಡಿ, ಬೈಲಹೊಂಗಲಗಳ ಸುತ್ತಿನ ಹೊಲಗಳಿಂದಲೇ ಬರಬೇಕು.

1818 ಒಂದು ವಿಚಿತ್ರವಾದ ವರ್ಷ. ಆ ವರ್ಷದಲ್ಲಿ ಪೇಶವೆಯ ರಾಜ್ಯ ಅಳಿದು ಧಾರವಾಡ ಬೆಳಗಾವಿಗಳು ಥಾಮಸ್ ಮನ್ರೋನ ಮೂಲಕ ಕಂಪನಿಯ ವಶವಾದವು. ಅದೇ ವರ್ಷದ ಜನವರಿಯಲ್ಲಿ ಮದ್ರಾಸ್ ಸರಕಾರವು ತನ್ನ ಲೆಕ್ಕದ ನಾಣ್ಯವಾಗಿದ್ದ ವರಹವನ್ನು ಕೈಬಿಟ್ಟು ಬೆಳ್ಳಿಯ ರೂಪಾಯಿಯನ್ನು ಹಿಡಿಯಿತು. 100 ಸ್ಟಾರ್ ವರಹಕ್ಕೆ 350 ರೂಪಾಯಿ ಎಂಬುದು ಸರಕಾರಿ ದರವಾಯಿತು. ಮೈಸೂರಿನ 7 ಲಕ್ಷ ವರಹದ ಪೊಗದಿಯನ್ನು 24½ ಲಕ್ಷ ರೂಪಾಯಿ ಎಂದು ಎಣಿಸುತ್ತಿದ್ದುದೂ ಇದೇ ಮೂರೂವರೆಯ ದರದಲ್ಲಿ.

ಈ ಮೂರೂವರೆ ನ್ಯಾಯವಾದ ದರವೆ? ಸ್ಟಾರ್ ವರಹದಲ್ಲಿ ಇದ್ದ ಶುದ್ಧ ಚಿನ್ನ ಸುಮಾರು 42 ಗ್ರೇನು. ಹೊಸ ರೂಪಾಯಿಯಲ್ಲಿ ಶುದ್ಧ ಬೆಳ್ಳಿ 165 ಗ್ರೇನು. ಮದ್ರಾಸಿನವರು ಅದೇ ಕಾಲಕ್ಕೆ ಹೊರಡಿಸಿದ ಚಿನ್ನದ ಮೊಹರಿನಲ್ಲಿಯೂ 165 ಗ್ರೇನು ಶುದ್ಧ ಚಿನ್ನ. ಅದರ ಬೆಲೆ 15 ರೂಪಾಯಿ. ಎಂದರೆ ಮೊಹರಿನ ಲೆಕ್ಕದಲ್ಲಿ ಚಿನ್ನವು ಬೆಳ್ಳಿಯ ಹದಿನೈದು ಪಟ್ಟು. ಅದೇ ಅಳತೆಯನ್ನು ವರಹಕ್ಕೆ ಹಿಡಿದರೆ ಅದರ ಬೆಲೆ 3 ರೂಪಾಯಿ 13 ಆಣೆ ಆಗಬೇಕು. ಸರಕಾರ ಕೊಟ್ಟುದು 3 ರೂಪಾಯಿ 8 ಆಣೆ. ಒಂದೇ ಸರಕಾರ, ಒಂದೇ ಕಾಲ, ಒಂದೇ ಲೋಹ. ತನ್ನ ಹೊಸ ಮೊಹರಿಗೆ ಒಂದು ಬೆಲೆ, ಜನರ ಪೆಟ್ಟಿಗೆಯಲ್ಲಿದ್ದ ಹಳೆಯ ವರಹಕ್ಕೆ ಮತ್ತೊಂದು. ವರಹಗಳನ್ನು ಕೂಡಿಟ್ಟವನಿಗೆ ಒಂದೊಂದಕ್ಕೂ ಐದಾಣೆ ಕೈಬಿಟ್ಟಿತು. ವರಹದಲ್ಲಿ ಸಾಲ ಮಾಡಿ ರೂಪಾಯಿಯಲ್ಲಿ ತೀರಿಸಿದವನಿಗೋ, ಅಷ್ಟೇ ಐದಾಣೆ ಉಳಿಯಿತು. ಮೈಸೂರು ಸಂಸ್ಥಾನವೂ ಈ ದೃಷ್ಟಿಯಿಂದ ಲಾಭ ಹೊಂದಿದ ಸಾಲಗಾರನೇ.

ಮೊಹರು ಬಿದ್ದ ಭಂಡಾರ

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕವನ್ನು ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಕಿತ್ತೂರಿಗೆ ಬಂದು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಭಂಡಾರಕ್ಕೆ ಮೊಹರು ಹಾಕಿ ಕಾವಲು ನಿಲ್ಲಿಸಿದುದು. ರಾಣಿ ಚೆನ್ನಮ್ಮನ ಕಥೆಯನ್ನು ಕನ್ನಡ ಮಕ್ಕಳೆಲ್ಲ ಬಲ್ಲರು; ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ನುಗ್ಗಿದ ಪಡೆ, ಅಮಟೂರು ಬಾಳಪ್ಪನ ಗುಂಡಿಗೆ ಬಿದ್ದ ಥ್ಯಾಕರೆ, ಡಿಸೆಂಬರಿನ ಎರಡನೆಯ ಮುತ್ತಿಗೆ, ಕೋಟೆಯ ಪತನ. ಮತ್ತೆ ಹೇಳಬೇಕಾದುದಿಲ್ಲ. ಅಲ್ಲಿದ್ದ ಐಶ್ವರ್ಯದ ಬೆಲೆ ಸುಮಾರು 15 ಲಕ್ಷ ರೂಪಾಯಿ ಎಂದು ಹೇಳುತ್ತ ಬಂದಿದ್ದಾರೆ. 15 ಲಕ್ಷ ‘ರೂಪಾಯಿ’ ಎಂಬುದು ಲೆಕ್ಕ ಬರೆದವರ ಭಾಷೆ. ಹೊನ್ನು, ರೂಪಾಯಿ, ಒಡವೆಗಳೆಲ್ಲ ನಡೆಯುತ್ತಿದ್ದ ಸೀಮೆಯ ಎರಡು ನೂರು ವರ್ಷಗಳ ಮನೆತನದ ಪೆಟ್ಟಿಗೆಗಳಲ್ಲಿ ಇದ್ದುದೆಲ್ಲವೂ ರೂಪಾಯಿಯೇ ಆಗಿರಲು ಸಾಧ್ಯವಿಲ್ಲ. ಯಾವುದೋ ಒಂದು ದರದಲ್ಲಿ, ಯಾವನೋ ಶರಾಫನ ಒರೆಗಲ್ಲಿನ ಮೇಲೆ, ಕಿತ್ತೂರು ರೂಪಾಯಿಯಾಯಿತು.

ಆ ಅಕ್ಟೋಬರಿನಲ್ಲಿ ಕಿತ್ತೂರಿನ ಸೆರೆಗೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬನು ವಾಲ್ಟರ್ ಎಲಿಯಟ್. ವಯಸ್ಸು ಇಪ್ಪತ್ತೊಂದು. ಡಿಸೆಂಬರಿನ ಮೊದಲ ದಿನಗಳವರೆಗೆ ಕೋಟೆಯಲ್ಲಿದ್ದು ಕೂದಲೂ ಕೊಂಕದೆ ಹೊರಬಂದ ಈ ತರುಣನು ಮುಂದೆ ಏನಾದನೆಂಬುದನ್ನು ಕಥೆಗಾರನು ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ. ಧಾರವಾಡದ ಸೀಮೆಯಲ್ಲಿ ಹಲವು ವರ್ಷ ಅಧಿಕಾರ ನಡೆಸುತ್ತ ಅವನು ಊರೂರಿನ ಶಾಸನಗಳನ್ನು ಪ್ರತಿ ಮಾಡಿಸಿದನು. 595 ಶಾಸನಗಳ ಪ್ರತಿಗಳು ಕೂಡಿದವು. ಶಾಸನಗಳಲ್ಲಿ ಗದ್ಯಾಣ, ಪಣ, ಹಾಗಗಳ ಹೆಸರು ಬಂದಂತೆಲ್ಲ ನಾಣ್ಯಗಳ ಹುಚ್ಚೂ ಹತ್ತಿತು. ಅವನು ಸೇರಿಸಿದ ದಕ್ಷಿಣ ಭಾರತದ ನಾಣ್ಯಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ದಕ್ಷಿಣದ ನಾಣ್ಯಗಳ ಮೇಲಿನ ಅವನ ಗ್ರಂಥವು ಅಚ್ಚಿಗೆ ಹೋದಾಗ ಎಲಿಯಟ್ಟನಿಗೆ ಎಂಬತ್ತು ದಾಟಿತ್ತು, ಕಣ್ಣು ಕಾಣುತ್ತಿರಲಿಲ್ಲ. ಒರೆಗಲ್ಲಿನ ಪೋತದಾರರಂತೆ ಅವನೂ ಕೊನೆಗೆ ಬೆರಳಿನಿಂದಲೇ ವರಹವನ್ನು ಗುರುತಿಸಬೇಕಾಯಿತೋ ಏನೋ! 1887ರಲ್ಲಿ ಅವನು ತೀರಿಕೊಂಡನು.

ಇತ್ತ ಸಂಗೊಳ್ಳಿಯಲ್ಲಿ ಕಥೆ ಬೇರೆಯಾಗಿತ್ತು. ರಾಯಣ್ಣನು ಶೇತಸನದಿ, ಎಂದರೆ ಊರ ಕಾವಲು, ಸೈನ್ಯಸೇವೆಗಳಿಗೆ ಪ್ರತಿಯಾಗಿ ಇನಾಮು ಭೂಮಿಯನ್ನು ಉಣ್ಣುವವನು. ಇಂಥವನು ತನ್ನ ತೆರಿಗೆಯನ್ನು ನಾಣ್ಯದಲ್ಲಿ ಕೊಡುತ್ತಿರಲಿಲ್ಲ, ತೋಳಿನಲ್ಲಿ ಕೊಡುತ್ತಿದ್ದನು. ಅವನಿಗೂ ಶರಾಫನಿಗೂ ಹೆಚ್ಚಿನ ವ್ಯವಹಾರವಿರಲಿಲ್ಲ. ಕಂಪನಿ ಆ ಭೂಮಿಗಳ ಮೇಲೆ ಕಂದಾಯವನ್ನು ಹೇರಿದಾಗ ತೋಳಿನ ಸೇವೆಗೆ ಬೆಲೆಯಿಲ್ಲವಾಯಿತು, ರೂಪಾಯಿಯೇ ಬೇಕೆಂದಾಯಿತು. ರಾಯಣ್ಣನ ಹೋರಾಟವು ಕಿತ್ತೂರಿನ ಸಿಂಹಾಸನಕ್ಕಾಗಿ, ಚೆನ್ನಮ್ಮನ ಮಾನಕ್ಕಾಗಿ ನಡೆದುದೇ ಹೊರತು ವಟ್ಟದ ಜಗಳವಲ್ಲ. ಅದನ್ನು ನಾಣ್ಯದ ಲೆಕ್ಕಕ್ಕೆ ಇಳಿಸುವುದು ಆ ವೀರನಿಗೆ ಅಪಚಾರವಾದೀತು. ಆದರೆ 1830ರ ಜನವರಿಯಲ್ಲಿ ಅವನ ಪಡೆ ಮೊದಲು ನುಗ್ಗಿದ ಜಾಗಗಳಾವುವು? ಬೀಡಿಯ ಕಚೇರಿ. ಆಮೇಲೆ ಸಂಪಗಾವಿಯ ಕಚೇರಿ. ಸುಟ್ಟುದು ಕಂದಾಯದ ಕಾಗದಗಳನ್ನು. ಯಾರು ಎಷ್ಟು ರೂಪಾಯಿ ಕೊಡಬೇಕೆಂದು ಬರೆದಿಟ್ಟ ದಫ್ತರವೇ ಹೊಗೆಯಾಗಿ ಹೋದಾಗ ಸುತ್ತಿನ ಹಳ್ಳಿಗಳು ಅದನ್ನು ಹೇಗೆ ನೋಡಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಏಪ್ರಿಲಿನಲ್ಲಿ ರಾಯಣ್ಣನು ಮೋಸದಿಂದ ಸೆರೆಸಿಕ್ಕನು. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಒಂದೇ ರೂಪಾಯಿ, ಆದರೂ

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ದಫ್ತರದ ರೂಪಾಯಿಯೂ ಒಂದೇ ಆಯಿತು. 1835ರ ಕಾಯಿದೆಯು ಕಂಪನಿಯ ಸಮಸ್ತ ಸೀಮೆಗೂ 180 ಗ್ರೇನು ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯುಳ್ಳ ಒಂದೇ ರೂಪಾಯಿಯನ್ನು ಗೊತ್ತುಮಾಡಿತು. ಚಿನ್ನದ ನಾಣ್ಯವನ್ನು ಸಾಲಕ್ಕೆ ಕಂದಾಯಕ್ಕೆ ಒಪ್ಪಲೇಬೇಕೆಂಬ ಕಟ್ಟು ಇಲ್ಲವಾಯಿತು. ಈ ರೂಪಾಯಿಯ ತೂಕವೇ ಒಂದು ತೊಲ. ಅಕ್ಕಸಾಲಿಗನ ಅಂಗಡಿಯಲ್ಲಿ ಒಂದು ತಟ್ಟೆಗೆ ರೂಪಾಯಿಗಳನ್ನು ಇಟ್ಟು ಇನ್ನೊಂದರಲ್ಲಿ ಮದುವೆಯ ಬಂಗಾರವನ್ನು ತೂಗಿಸಿದ ಅಜ್ಜಿಯರ ಮಾತು ಅನೇಕ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಅಂಕುಶಿ, ಚಾಂದವಡಿ, ಮಲ್ಹಾರಶಾಹಿಗಳು ಕರಗಿಹೋದವು. ಹೊನ್ನು ಪೇಟೆಯಿಂದ ಹೊರಟು ಕೊರಳಿಗೆ ಏರಿತು. ಸರದಲ್ಲಿ ಪೋಣಿಸಿದ ಪುತಳಿಯಾಗಿ, ದೇವರ ಪೆಟ್ಟಿಗೆಯ ಕಾಣಿಕೆಯಾಗಿ ಉಳಿಯಿತು.

ಸಂಗೊಳ್ಳಿಯ ಒಕ್ಕಲಿಗನಿಗೆ ಇದು ದೊಡ್ಡ ಉಪಕಾರವೆಂಬುದನ್ನು ಒಪ್ಪಲೇಬೇಕು. ವಾರಕ್ಕೊಮ್ಮೆ ಬದಲಾಗುವ ದರ, ವಟ್ಟ, ಖೊಟ್ಟಿಯ ಭಯ, ಇವೆಲ್ಲ ಒಂದು ತಲೆಮಾರಿನಲ್ಲಿ ಹೋದವು. ಆದರೆ ವಿನಿಮಯದ ಪ್ರಶ್ನೆ ಹೋಯಿತೆ? ಅದು ಹಳ್ಳಿಯ ಸಂತೆಯನ್ನು ಬಿಟ್ಟು ಸಮುದ್ರ ದಾಟಿತು. ಈಗ ಎದುರಿಗೆ ನಿಂತ ಚಿನ್ನದ ನಾಣ್ಯ ವರಹವಲ್ಲ, ಇಂಗ್ಲೆಂಡಿನ ಪೌಂಡು.

1870ರ ದಶಕದ ಆದಿಯಲ್ಲಿ ರೂಪಾಯಿಗೆ ಹೆಚ್ಚುಕಡಿಮೆ ಎರಡು ಶಿಲಿಂಗು ಬೆಲೆಯಿತ್ತು. ಜರ್ಮನಿಯೇ ಮೊದಲಾದ ದೇಶಗಳು ಬೆಳ್ಳಿಯನ್ನು ಬಿಟ್ಟು ಚಿನ್ನವನ್ನು ಹಿಡಿದವು. ಅಮೆರಿಕದ ಗಣಿಗಳಿಂದ ಬೆಳ್ಳಿ ಹೊಳೆಯಾಗಿ ಹರಿಯಿತು. ಇಪ್ಪತ್ತು ವರ್ಷಗಳಲ್ಲಿ ರೂಪಾಯಿಯ ಬೆಲೆ ಒಂದು ಶಿಲಿಂಗು ಮೂರು ಪೆನ್ಸಿನ ಸುತ್ತಿಗೆ ಇಳಿಯಿತು. ಪಿಂಚಣಿ, ಸಾಲದ ಬಡ್ಡಿ ಎಂದು ವರ್ಷವರ್ಷವೂ ಲಂಡನ್ನಿಗೆ ಪೌಂಡುಗಳನ್ನು ಕಳುಹಿಸಬೇಕಾದ ಸರಕಾರವು ಗಾಬರಿಗೊಂಡು 1893ರಲ್ಲಿ ಟಂಕಸಾಲೆಗಳ ಬಾಗಿಲನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿತು. 1899ರಲ್ಲಿ ಪೌಂಡಿಗೆ 15 ರೂಪಾಯಿ, ಎಂದರೆ ರೂಪಾಯಿಗೆ ಒಂದು ಶಿಲಿಂಗು ನಾಲ್ಕು ಪೆನ್ಸು, ಎಂದು ಕಟ್ಟಿದರು. 1927ರಲ್ಲಿ ಅದನ್ನು ಒಂದು ಶಿಲಿಂಗು ಆರು ಪೆನ್ಸಿಗೆ ಏರಿಸಿದರು. ಅದಕ್ಕೆ ಮುಂಚಿನ ಆಯೋಗದಲ್ಲಿ ಕುಳಿತಿದ್ದ ಮುಂಬಯಿಯ ಪುರುಷೋತ್ತಮದಾಸ ಠಾಕುರದಾಸರು ಇದು ಬೇಡವೆಂದು ಭಿನ್ನಮತವನ್ನು ಬರೆದರು. ಯಾರೂ ಕೇಳಲಿಲ್ಲ.

ರೂಪಾಯಿಯ ಬೆಲೆ ಏರಿದರೆ ಸಂತೋಷವಲ್ಲವೆ ಎಂದು ಪಟ್ಟಣದ ವಾಚಕರಿಗೆ ಅನ್ನಿಸಬಹುದು. ಬೈಲಹೊಂಗಲದ ಹತ್ತಿಯ ಪೇಟೆಯಲ್ಲಿ ನಿಂತು ನೋಡಬೇಕು. ಹತ್ತಿಯ ಬೆಲೆಯನ್ನು ಲಿವರಪೂಲಿನ ಮಾರುಕಟ್ಟೆ ಪೌಂಡಿನಲ್ಲಿ ನಿರ್ಧರಿಸುತ್ತಿದ್ದ ಕಾಲವದು. ಹಳೆಯ ದರದಲ್ಲಿ ಒಂದು ಪೌಂಡಿನ ಹತ್ತಿಗೆ 15 ರೂಪಾಯಿ ಬರುತ್ತಿತ್ತು. ಹೊಸ ದರದಲ್ಲಿ ಬಂದುದು 13 ರೂಪಾಯಿ 5 ಆಣೆ 4 ಪೈ. ಭೂಮಿಯ ಕಂದಾಯವೋ ರೂಪಾಯಿಯಲ್ಲಿ ಗೊತ್ತಾದುದು. ಅದು ಒಂದು ಪೈಯೂ ಇಳಿಯಲಿಲ್ಲ. ಮಾರುವ ಸರಕು ಅಗ್ಗ, ಕೊಡಬೇಕಾದ ನಾಣ್ಯ ತುಟ್ಟಿ. ನೂರು ವರ್ಷದ ಹಿಂದಿನ ಬೀಸುಕಲ್ಲು ಮತ್ತೆ ತಿರುಗತೊಡಗಿತು. ಈ ಸಲ ಶರಾಫನ ಮುಖವನ್ನು ಕಂಡವರಿರಲಿಲ್ಲ, ಅಷ್ಟೇ.

ರಾಯಣ್ಣನು ಬೀಡಿಯ ಕಚೇರಿಯನ್ನು ಸುಟ್ಟು ಸರಿಯಾಗಿ ನೂರು ವರ್ಷಗಳಾದಾಗ, 1930ರ ಜನವರಿಯ ಕೊನೆಗೆ, ಗಾಂಧೀಜಿಯವರು ವೈಸರಾಯರ ಮುಂದೆ ಹನ್ನೊಂದು ಬೇಡಿಕೆಗಳನ್ನು ಇಟ್ಟರು. ಉಪ್ಪಿನ ತೆರಿಗೆಯ ರದ್ದತಿಯನ್ನು ಎಲ್ಲರೂ ನೆನೆಯುತ್ತಾರೆ. ಭೂಕಂದಾಯವನ್ನು ಅರ್ಧಕ್ಕೆ ಇಳಿಸಬೇಕೆಂಬುದು ಇನ್ನೊಂದು ಬೇಡಿಕೆ. ರೂಪಾಯಿಯ ದರವನ್ನು ಒಂದು ಶಿಲಿಂಗು ನಾಲ್ಕು ಪೆನ್ಸಿಗೆ ಇಳಿಸಬೇಕೆಂಬುದೂ ಅವುಗಳಲ್ಲಿ ಒಂದು. ಪಾನನಿರೋಧ, ಉಪ್ಪುಗಳ ಸಾಲಿನಲ್ಲಿ ಈ ಶಿಲಿಂಗು ಪೆನ್ಸುಗಳ ಮಾತು ಏಕೆ ಬಂದಿತೆಂದು ಶಾಲೆಯ ಪಾಠದಲ್ಲಿ ಯಾರೂ ವಿವರಿಸುವುದಿಲ್ಲ. ಹತ್ತಿ ಬೆಳೆಯುವವನಿಗೆ ವಿವರಣೆ ಬೇಕಾಗಿರಲಿಲ್ಲ.

ಆ ಬೇಡಿಕೆ ಈಡೇರಲಿಲ್ಲ. ಒಂದು ಶಿಲಿಂಗು ಆರು ಪೆನ್ಸಿನ ದರವು ಸ್ವಾತಂತ್ರ್ಯ ಬಂದ ಮೇಲೂ ನಡೆಯಿತು. 1957ರ ಏಪ್ರಿಲಿನಲ್ಲಿ ರೂಪಾಯಿಗೆ ನೂರು ನಯೇಪೈಸೆಗಳಾಗಿ, ಹದಿನಾರಾಣೆಯ ಮಾತು ಗಾದೆಗಳಲ್ಲಿ ಮಾತ್ರ ಉಳಿಯಿತು. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿದಾಗ ಪೌಂಡಿಗೆ 13 ರೂಪಾಯಿ ಚಿಲ್ಲರೆಯಿದ್ದುದು ಒಮ್ಮೆಗೇ 21 ಆಯಿತು.

ಪೋತದಾರನ ಕೆಲಸವು ಒಂದೇ ರೂಪಾಯಿ ನಿಂತ ಮೇಲೆ ಸಹಜವಾಗಿ ಕ್ಷೀಣಿಸಿತು. ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಪೋತದಾರ ಎಂಬ ಅಡ್ಡಹೆಸರಿನ ಮನೆತನಗಳು ಈಗಲೂ ಇವೆ. ಶಾಲೆಯ ಹಾಜರಿಪಟ್ಟಿಯಲ್ಲಿ ಆ ಹೆಸರನ್ನು ಕೂಗಿದಾಗ ‘ಹಾಜರ್ ಸರ್’ ಎಂದು ಎದ್ದು ನಿಲ್ಲುವ ಹುಡುಗನ ಹಿರಿಯರು ಒಂದು ಕಾಲಕ್ಕೆ ಒರೆಗಲ್ಲಿನ ಮೇಲೆ ಗೆರೆ ಎಳೆದು, ಹೊನ್ನಿಗೆ ರೂಪಾಯಿ ಎಷ್ಟೆಂದು ಊರಿಗೆ ಹೇಳುತ್ತಿದ್ದರು.